ಗೇಣಿದಾರನಿಗೆ ಹೇಳದೆ ಎದ್ದ ದಂಗೆ

ದೊರೆ ಊರಲ್ಲಿಲ್ಲದಾಗ ಅರಮನೆ ಕಾಯುವವರೇ ಅರಮನೆಯನ್ನು ಹಿಡಿದರು. 1960ರ ಡಿಸೆಂಬರ್ 13ರ ರಾತ್ರಿ, ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ. ಚಕ್ರವರ್ತಿ ಹೈಲೆ ಸೆಲಾಸಿ ಆಗ ಬ್ರೆಜಿಲ್‌ನಲ್ಲಿದ್ದ. ನಾಲ್ಕು ದಿನದಲ್ಲಿ ದಂಗೆ ಮುಗಿದುಹೋಯಿತು. ಇಬ್ಬರು ಅಣ್ಣತಮ್ಮಂದಿರ ಹುಚ್ಚು ಸಾಹಸ ಅಂತ ಇದನ್ನು ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ಹಾಗೆ ಮುಗಿಸಿದರೆ ಹೊಲದಲ್ಲಿ ನಿಂತವನು ಕಣ್ಣಿಗೇ ಬೀಳುವುದಿಲ್ಲ.

19ನೇ ಶತಮಾನದ ಕೊನೆಗೆ ಚಕ್ರವರ್ತಿ ಮೆನೆಲಿಕ್ ದಕ್ಷಿಣದ ನಾಡುಗಳನ್ನು ಗೆದ್ದ. ವೊಲಾಯ್ತ ಸೋತದ್ದು 1894ರಲ್ಲಿ. ಗೆದ್ದ ಸಿಪಾಯಿಗಳಿಗೆ, ಸರದಾರರಿಗೆ, ಚರ್ಚಿಗೆ ಅಲ್ಲಿನ ನೆಲವನ್ನೂ ನೆಲದ ಮೇಲಿದ್ದ ಜನರ ದುಡಿಮೆಯನ್ನೂ ಹಂಚಿದರು. ಈ ಒಡೆಯರಿಗೆ ಅಲ್ಲಿ 'ನೆಫ್ತೆನ್ಯ' ಅನ್ನುತ್ತಿದ್ದರು, ಅಂದರೆ ಬಂದೂಕಿನವನು. ಯಾವ ಹಕ್ಕುಪತ್ರಕ್ಕಿಂತಲೂ ಆ ಹೆಸರು ಹೆಚ್ಚು ನಿಜ ಹೇಳುತ್ತದೆ. ತನ್ನ ಅಪ್ಪ ಉತ್ತ ನೆಲದಲ್ಲೇ ಗೇಣಿದಾರನಾದವನು ಬೆಳೆಯಲ್ಲಿ ಅರ್ಧದವರೆಗೂ, ಕೆಲವು ಕಡೆ ಅದಕ್ಕೂ ಹೆಚ್ಚು, ಅಳೆದುಕೊಡಬೇಕು. ಅದರ ಮೇಲೆ ಬಿಟ್ಟಿ ಚಾಕರಿ. 1955ರಲ್ಲಿ ಹೊಸ ಸಂವಿಧಾನ ಬಂತು. ದೊರೆ ಸೊಲೊಮನ್ ರಾಜನ ವಂಶದವನು, ಅವನ ಮೈ ಪವಿತ್ರ ಅಂತ ಅದರಲ್ಲಿ ಬರೆದರು. ಒಬ್ಬನ ಮೈ ಪವಿತ್ರ ಅಂತ ಬರೆದಾಗ ಉಳಿದವರ ಮೈ ಏನಾಗುತ್ತದೆ ಅನ್ನುವುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಗೆರ್ಮಾಮೆ ನೆವೇ ಗೇಣಿದಾರನ ಮಗನಲ್ಲ. ದೊಡ್ಡ ಮನೆತನದವನು, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವನು. ಕೀನ್ಯಾದ ನೆಲದಲ್ಲಿ ಬಿಳಿಯರನ್ನು ನೆಲೆಗೊಳಿಸಿದ ನೀತಿಯ ಬಗ್ಗೆ ಅಲ್ಲಿ ಪ್ರಬಂಧ ಬರೆದಿದ್ದ. ಊರಿಗೆ ಬಂದು ವೊಲಾಯ್ತದ ಅಧಿಕಾರಿಯಾದಾಗ ನೋಡುತ್ತಾನೆ, ಪ್ರಬಂಧದಲ್ಲಿ ಬರೆದದ್ದೇ ಕಣ್ಣೆದುರಿಗಿದೆ, ಚರ್ಮದ ಬಣ್ಣವೊಂದು ಬೇರೆ. ಭೂಮಿಯಿಲ್ಲದವರಿಗೆ ಭೂಮಿ ಹಂಚಲು ಹೊರಟ. ಧಣಿಗಳು ರಾಜಧಾನಿಗೆ ದೂರು ಒಯ್ದರು. ಅವನನ್ನು ಎತ್ತಿ ಸೋಮಾಲಿ ಸೀಮೆಯ ಜಿಜಿಗಾಕ್ಕೆ ಹಾಕಿದರು. ವರ್ಗಾವಣೆ ಅನ್ನುವ ಶಿಕ್ಷೆಯ ರುಚಿ ನಮ್ಮ ಹಳ್ಳಿ ಮೇಷ್ಟ್ರುಗಳಿಗೆ ಗೊತ್ತಿರುವುದೇ.

ಕೊನೆಗೆ ಅವನು ಹೋದದ್ದು ಗೇಣಿದಾರನ ಗುಡಿಸಲಿಗಲ್ಲ, ಅಣ್ಣನ ಬಳಿಗೆ. ಅಣ್ಣ ಮೆಂಗಿಸ್ಟು ಅರಮನೆಯ ಕಾವಲು ಪಡೆಯ ದಂಡನಾಯಕ. ಇಲ್ಲೇ ಎಡವಿದ್ದು ಅಂತ ನನ್ನ ಅನಿಸಿಕೆ. ಮಂತ್ರಿಗಳನ್ನೂ ಸರದಾರರನ್ನೂ ಒತ್ತೆ ಹಿಡಿದರು. ಆಫ್ರಿಕದ ಹೊಸ ದೇಶಗಳು ಮುಂದೆ ಹೋಗುತ್ತಿವೆ, ನಾವು ನಿಂತಲ್ಲೇ ನಿಂತಿದ್ದೇವೆ ಅಂತ ಯುವರಾಜನಿಂದಲೇ ರೇಡಿಯೋದಲ್ಲಿ ಓದಿಸಿದರು. ಮಾತು ಸುಳ್ಳಲ್ಲ. ಆದರೆ ಯಾವ ಗೇಣಿದಾರನ ಮನೆಯಲ್ಲಿ ರೇಡಿಯೋ ಇತ್ತು? ಕಾವಲು ಪಡೆಯ ಸಿಪಾಯಿಗಳಿಗೂ ವಿಷಯ ತಿಳಿಸಿರಲಿಲ್ಲ. ಚಕ್ರವರ್ತಿಯ ಪರವಾಗಿಯೇ ಹೊಡೆದಾಡುತ್ತಿದ್ದೇವೆ ಅಂತ ನಂಬಿದವರು ಅವರಲ್ಲಿದ್ದರು. ಕಾಲೇಜು ಹುಡುಗರಷ್ಟೇ ಬೀದಿಗಿಳಿದು ಬೆಂಬಲ ಕೂಗಿದರು. ಚರ್ಚಿನ ಮಹಾಗುರು ದಂಗೆಕೋರರಿಗೆ ಬಹಿಷ್ಕಾರ ಹಾಕಿದ. ಆ ಶಾಪವನ್ನು ಅಚ್ಚುಹಾಕಿಸಿ ವಿಮಾನದಿಂದ ಊರ ಮೇಲೆ ಸುರಿದರು. ಭೂಸೇನೆ, ವಾಯುಸೇನೆ ಎರಡೂ ದೊರೆಯ ಕಡೆ. ಸೋಲು ಗೊತ್ತಾದ ಮೇಲೆ ಅಣ್ಣತಮ್ಮಂದಿರ ಕಡೆಯವರು ಒತ್ತೆಯಲ್ಲಿದ್ದವರ ಮೇಲೆ ಗುಂಡು ಹಾರಿಸಿ 15 ಮಂದಿಯನ್ನು ಕೊಂದರು. ಇದನ್ನು ಕ್ರಾಂತಿ ಅಂತ ಕರೆಯಲು ನನ್ನ ಬಾಯಿ ಬರುವುದಿಲ್ಲ.

ತಪ್ಪಿಸಿಕೊಂಡು ಹೋದ ಗೆರ್ಮಾಮೆ ಕೆಲವೇ ದಿನಗಳಲ್ಲಿ ಸತ್ತ. ಹೆಣವನ್ನು ತಂದು ಜನ ನೋಡುವಂತೆ ನೇತುಹಾಕಿದರು. ಮೆಂಗಿಸ್ಟುವನ್ನು 1961ರ ಮಾರ್ಚಿನಲ್ಲಿ ಗಲ್ಲಿಗೇರಿಸಿದರು. ಸೈನಿಕರಿಗೆ ಸಂಬಳ ಏರಿತು, ಗೇಣಿ ಮಾತ್ರ ಹಾಗೇ ಉಳಿಯಿತು. ರಕ್ತ ಬಿದ್ದ ಅರಮನೆಯನ್ನು ದೊರೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟ. ಅವನಿಗೇ ಮುಳುವಾದ ದಾನ ಅದು! ಆ ವಿಶ್ವವಿದ್ಯಾಲಯದ ಹುಡುಗರು 1965ರಲ್ಲಿ ಪಾರ್ಲಿಮೆಂಟಿಗೆ ಮೆರವಣಿಗೆ ಹೋಗಿ 'ಉಳುವವನಿಗೆ ಭೂಮಿ' ಅಂತ ಕೂಗಿದರು. ಐದು ವರ್ಷದ ಹಿಂದೆ ಯಾರೂ ಬೀದಿಯಲ್ಲಿ ಇಷ್ಟು ಬಿಡಿಸಿ ಕೂಗಿರಲಿಲ್ಲ.

1973ರಲ್ಲಿ ವೊಲ್ಲೋ ಸೀಮೆಯಲ್ಲಿ ಜನ ಹಸಿದು ಸತ್ತರು, ಸರಕಾರ ಅದನ್ನು ಮುಚ್ಚಿಟ್ಟಿತು. 1974ರಲ್ಲಿ ದೊರೆಯನ್ನು ಇಳಿಸಿದವರು ಮತ್ತೆ ಸೈನಿಕರೇ. 1975ರ ಮಾರ್ಚ್ 4ರ ಘೋಷಣೆಯಿಂದ ಗೇಣಿ ರದ್ದಾಯಿತು, ವೊಲಾಯ್ತದ ಕಣದಲ್ಲಿ ಧಣಿಗೆ ಕಾಳು ಅಳೆಯುವುದು ನಿಂತಿತು. ಆ ಸೈನಿಕರೇ 1977-78ರಲ್ಲಿ, ಭೂಮಿಗಾಗಿ ಕೂಗಿದ್ದ ಅದೇ ತಲೆಮಾರಿನ ಸಾವಿರಾರು ಹುಡುಗ ಹುಡುಗಿಯರನ್ನು ಕೊಂದು ಹೆಣಗಳನ್ನು ಬೀದಿಯಲ್ಲಿ ಬಿಟ್ಟರು.