ಗೂಢ ಪದಬಂಧ ಮತ್ತು ಮೂವರು ಮೇಷ್ಟರು

'ಹೊಸದು ಹಿಂತಿರುಗಿ ಕಾಡಾಯಿತು' (2 ಅಕ್ಷರ).

ಈ ವಾಕ್ಯವನ್ನು ಓದಿದೊಡನೆ ಹೊಸ ಬಡಾವಣೆಯೊಂದು ಪಾಳುಬಿದ್ದು ಗಿಡಗಂಟಿ ಬೆಳೆದ ಚಿತ್ರ ಮನಸ್ಸಿಗೆ ಬರಬಹುದು. ಆ ಚಿತ್ರವೇ ಬಲೆ. 'ಹೊಸದು' ಎಂದರೆ 'ನವ'. 'ಹಿಂತಿರುಗಿ' ಎಂಬುದು ಅಕ್ಷರಗಳನ್ನು ಹಿಂದಿನಿಂದ ಓದಬೇಕೆಂಬ ಸೂಚನೆ. ಹಾಗೆ ಓದಿದಾಗ ದೊರೆಯುವುದು 'ವನ', ಅಂದರೆ ಕಾಡು. ಇಲ್ಲಿ ರಚನಕಾರನು ನಮ್ಮನ್ನು ದಾರಿ ತಪ್ಪಿಸಿದ್ದು ನಿಜ. ಆದರೆ ಒಂದು ಸುಳ್ಳನ್ನೂ ಹೇಳಿಲ್ಲ. ಉತ್ತರಕ್ಕೆ ಬೇಕಾದುದೆಲ್ಲವೂ ಕಣ್ಣೆದುರಿಗೇ ಇತ್ತು.

ಆತ್ಮೀಯ ಓದುಗರೇ, ಬ್ರಿಟನ್ನಿನ ಪ್ರಸಿದ್ಧವಾದ 'ಕ್ರಿಪ್ಟಿಕ್ ಕ್ರಾಸ್‌ವರ್ಡ್', ಅಂದರೆ ಗೂಢ ಪದಬಂಧದ ಗುಟ್ಟು ಇಷ್ಟೇ. 'ದಿ ಹಿಂದೂ' ಪತ್ರಿಕೆಯನ್ನು ತರಿಸುವ ಮನೆಗಳಲ್ಲಿ ಇದರ ಪರಿಚಯವಿರುತ್ತದೆ. ಈ ಕಲೆಗೆ ಕಟ್ಟುಪಾಡುಗಳನ್ನು ಹಾಕಿಕೊಟ್ಟವರಲ್ಲಿ ಶಾಲಾ ಉಪಾಧ್ಯಾಯರೇ ಪ್ರಮುಖರೆಂಬ ಸಂಗತಿ ಮಾತ್ರ ಅನೇಕರಿಗೆ ತಿಳಿದಿರಲಾರದು. ಉಪಾಧ್ಯಾಯ ವೃತ್ತಿಯಲ್ಲಿಯೇ ಬಾಳನ್ನು ಕಳೆದ ನನಗೆ ಆ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳುವ ಆಸೆ.

ಪದಬಂಧದ ಜನನ ಬ್ರಿಟನ್ನಿನಲ್ಲಿ ಆದುದಲ್ಲ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಪತ್ರಕರ್ತ ಆರ್ಥರ್ ವಿನ್, 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ವಜ್ರಾಕೃತಿಯ ಪದಬಂಧವೊಂದನ್ನು ಪ್ರಕಟಿಸಿದರು. 1924ರ ಹೊತ್ತಿಗೆ ಅಮೆರಿಕದಲ್ಲಿ ಅದರ ಹುಚ್ಚು ಎಷ್ಟು ಹಬ್ಬಿತ್ತೆಂದರೆ, ಇಡೀ ದೇಶವೇ ಇದಕ್ಕೆ ದಾಸನಾಗಿದೆಯೆಂದು ಲಂಡನ್ನಿನ 'ಟೈಮ್ಸ್' ಪತ್ರಿಕೆ ಮೂದಲಿಸಿತು. ಕಾಲದ ಮಹಿಮೆ ನೋಡಿ! 1930ರ ಫೆಬ್ರವರಿ 1ರಂದು ಅದೇ 'ಟೈಮ್ಸ್' ತನ್ನ ಮೊದಲ ದೈನಿಕ ಪದಬಂಧವನ್ನು ಅಚ್ಚುಮಾಡಿತು. ಅದನ್ನು ರಚಿಸಿದವರು ಸಫೊಕ್ ಪ್ರಾಂತದ ರೈತ-ಲೇಖಕ ಏಡ್ರಿಯನ್ ಬೆಲ್. ಆ ಕೆಲಸ ಕೈಗೆ ಬರುವವರೆಗೆ ಅವರು ಒಂದು ಪದಬಂಧವನ್ನೂ ಬಿಡಿಸಿದವರಲ್ಲ!

ಅಮೆರಿಕದ ಪದಬಂಧದಲ್ಲಿ ಸುಳಿವೆಂದರೆ ಬಹುಮಟ್ಟಿಗೆ ನೇರವಾದ ಅರ್ಥ. ಬ್ರಿಟನ್ನಿನಲ್ಲಿ ಅದು ಒಗಟಿನ ರೂಪ ತಾಳಿತು. ಇದಕ್ಕೆ ಮುಖ್ಯ ಕಾರಣರಾದವರು ಕವಿ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್. ಸಾವಿರದ ಒಂದು ರಾತ್ರಿಗಳ ಕಥೆಗಳನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತಂದ ಈ ವಿದ್ವಾಂಸರು 1926ರಿಂದ 1939ರಲ್ಲಿ ತೀರಿಕೊಳ್ಳುವವರೆಗೆ 'ಅಬ್ಸರ್ವರ್' ಪತ್ರಿಕೆಗೆ ಪದಬಂಧಗಳನ್ನು ರಚಿಸಿದರು. ಅವರು ಇಟ್ಟುಕೊಂಡ ಅಂಕಿತ 'ಟಾರ್ಕ್ವೆಮಾಡಾ', ಸ್ಪೇನಿನ ಕ್ರೂರ ಧರ್ಮವಿಚಾರಣಾಧಿಕಾರಿಯ ಹೆಸರು. ಓದುಗರನ್ನು ಹಿಂಸಿಸುವವನು ತಾನೆಂಬ ವಿನೋದ ಅದರಲ್ಲಿತ್ತು. ಅವರ ಪ್ರತಿಭೆ ದೊಡ್ಡದು. ಆದರೆ ಪ್ರತಿಭಾವಂತನ ಒಗಟು ಬಿಡಿಸಲಾಗದೆ ಉಳಿದರೆ ಅದು ಓದುಗನ ದೌರ್ಬಲ್ಯವೋ, ಒಗಟಿನ ದೋಷವೋ? ಇದನ್ನು ನಿರ್ಣಯಿಸಲು ನಿಯಮಗಳು ಬೇಕಾಗಿದ್ದವು.

ಆಗ ಬಂದವರು ನಮ್ಮ ಮೇಷ್ಟರು.

ಮೊದಲನೆಯವರು ಅಲಿಸ್ಟೇರ್ ಫರ್ಗುಸನ್ ರಿಚಿ, ವೆಲ್ಸ್ ಕೆಥೀಡ್ರಲ್ ಶಾಲೆಯ ಮುಖ್ಯೋಪಾಧ್ಯಾಯರು. ಅವರ ಅಂಕಿತ 'ಆಫ್ರಿಟ್'. ಅರಬ್ಬೀ ಕಥೆಗಳ ದುಷ್ಟ ಭೂತದ ಹೆಸರಿದು. ಅವರ ಸ್ವಂತ ಹೆಸರಿನ ಮೊದಲಕ್ಷರಗಳೂ ಅದರಲ್ಲಿ ಅಡಗಿವೆ. ಓದುಗನನ್ನು ದಾರಿ ತಪ್ಪಿಸುವ ಹಕ್ಕು ರಚನಕಾರನಿಗುಂಟು, ಆದರೆ ಸರಿಯಾದ ದಾರಿಯನ್ನೂ ಅದೇ ಮಾತಿನೊಳಗೆ ಇರಿಸುವುದು ಅವನ ಕರ್ತವ್ಯ ಎಂಬುದು 1949ರಲ್ಲಿ ಅವರು ಮಂಡಿಸಿದ ವಿಚಾರದ ಸಾರ.

ಎರಡನೆಯವರು ಡೆರಿಕ್ ಸಾಮರ್ಸೆಟ್ ಮ್ಯಾಕ್‌ನಟ್, ಹಾರ್ಷಮ್ ಊರಿನ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ವಸತಿಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದವರು. ಮ್ಯಾಥರ್ಸರ ನಿಧನಾನಂತರ 'ಅಬ್ಸರ್ವರ್' ಪದಬಂಧವನ್ನು ವಹಿಸಿಕೊಂಡ ಅವರು, 1971ರಲ್ಲಿ ಕೊನೆಯುಸಿರೆಳೆಯುವವರೆಗೆ 'ಝಿಮೆನೀಸ್' ಎಂಬ ಅಂಕಿತದಲ್ಲಿ ಬರೆದರು. ಅದೂ ಸ್ಪೇನಿನ ಧರ್ಮವಿಚಾರಣಾಧಿಕಾರಿಯ ಹೆಸರೇ. ಆಗಾಗ ಅವರು ಓದುಗರಿಗೆ ಒಂದು ಪದ ಕೊಟ್ಟು ಅದಕ್ಕೆ ಸುಳಿವು ರಚಿಸಿ ಕಳಿಸಲು ಹೇಳುತ್ತಿದ್ದರು. ಬಂದ ಸುಳಿವುಗಳನ್ನು ಪರಿಶೀಲಿಸಿ, ಗುಣದೋಷಗಳನ್ನು ವಿವರಿಸುವ ಟಿಪ್ಪಣಿಯನ್ನು ಅಚ್ಚುಮಾಡಿಸಿ ಕಳಿಸುತ್ತಿದ್ದರು. ಉತ್ತರಪತ್ರಿಕೆಗಳನ್ನು ತಿದ್ದಿ ಗೊತ್ತಿದ್ದವರಿಗೆ ಆ ಶ್ರಮವೆಂಥದೆಂದು ತಿಳಿದೀತು. 1966ರಲ್ಲಿ ಅವರು ತಮ್ಮ ನಿಯಮಗಳನ್ನು ಪುಸ್ತಕರೂಪದಲ್ಲಿ ತಂದರು.

ಆ ನಿಯಮಗಳ ತಿರುಳು ಹೀಗಿದೆ: ಒಳ್ಳೆಯ ಸುಳಿವಿನಲ್ಲಿ ಉತ್ತರದ ಖಚಿತವಾದ ಅರ್ಥವಿರಬೇಕು, ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟಿಕೊಳ್ಳುವ ಎರಡನೆಯ ದಾರಿಯೂ ಇರಬೇಕು, ಇವೆರಡನ್ನು ಬಿಟ್ಟರೆ ಹೆಚ್ಚಿನದೇನೂ ಇರಬಾರದು. ಎರಡು ಉದಾಹರಣೆಗಳನ್ನು ನೋಡೋಣ. 'ಸೈಲೆಂಟ್, ಇನ್ ಕನ್‌ಫ್ಯೂಷನ್, ಪೇ ಅಟೆನ್ಷನ್' (6). ಮೇಲ್ನೋಟಕ್ಕೆ ಇದು ತರಗತಿಯ ಗಲಿಬಿಲಿಯಂತೆ ಕಾಣುತ್ತದೆ. 'ಇನ್ ಕನ್‌ಫ್ಯೂಷನ್' ಎಂದರೆ ಅಕ್ಷರಗಳನ್ನು ಕಲಸಿರೆಂದು ಅರ್ಥ. 'ಸೈಲೆಂಟ್' ಪದದ ಆರು ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಜೋಡಿಸಿದರೆ 'ಲಿಸನ್' ಆಗುತ್ತದೆ. ಅದರ ಅರ್ಥವೇ 'ಪೇ ಅಟೆನ್ಷನ್'. ಇನ್ನೊಂದು: 'ಡ್ರಿಂಕ್ ಹೆಲ್ಡ್ ಇನ್ ಸ್ಟೀಮರ್' (3). 'ಸ್ಟೀಮರ್' ಪದದ ಕಾಗುಣಿತದಲ್ಲಿ ಮೊದಲಕ್ಷರವನ್ನು ಬಿಟ್ಟು ಮುಂದಿನ ಮೂರನ್ನು ಓದಿ: ಟಿ, ಇ, ಎ. ಚಹಾ ಸಿದ್ಧ! ಇನ್ನು 'ಫ್ಲವರ್' ಎಂಬ ಪದ ಕಂಡರೆ ಹೂವೆಂದೇ ಭಾವಿಸಬೇಡಿ. 'ಫ್ಲೋ' ಆಗುವುದು, ಅಂದರೆ ಹರಿಯುವುದು ಎಂದು ಬಿಡಿಸಿದರೆ ಅದು ನದಿ. ನಮ್ಮ ಶ್ಲೇಷಾಲಂಕಾರವನ್ನು ಓದಿದ ನಿಮಗೆ ಇದು ಹೊಸದೇನಲ್ಲ.

ಮೂರನೆಯವರು ಲೆನರ್ಡ್ ಡಾ, ಸ್ಟ್ರ್ಯಾಂಡ್ ಶಾಲೆಯ ಮುಖ್ಯೋಪಾಧ್ಯಾಯರು. 1925ರಿಂದ 'ಡೈಲಿ ಟೆಲಿಗ್ರಾಫ್' ಪತ್ರಿಕೆಗೆ ಪದಬಂಧ ರಚಿಸುತ್ತಿದ್ದರು. ಎರಡನೆಯ ಮಹಾಯುದ್ಧದ ನಡುವೆ, 1944ರ ಮೇ 2ರಿಂದ ಜೂನ್ 1ರವರೆಗೆ ಅವರ ಪದಬಂಧಗಳ ಉತ್ತರಗಳಲ್ಲಿ 'ಯೂಟಾ', 'ಒಮಾಹಾ', 'ಓವರ್‌ಲಾರ್ಡ್', 'ಮಲ್ಬರಿ', 'ನೆಪ್ಚೂನ್' ಎಂಬ ಪದಗಳು ಒಂದಾದ ಮೇಲೊಂದು ಕಾಣಿಸಿಕೊಂಡವು. ಜೂನ್ 6ರ ನಾರ್ಮಂಡಿ ದಾಳಿಗೆ ಸೇನೆ ಇರಿಸಿಕೊಂಡಿದ್ದ ಗುಪ್ತನಾಮಗಳು ಇವೇ! ಗುಪ್ತಚರ ಅಧಿಕಾರಿಗಳು ಡಾ ಅವರನ್ನು ವಿಚಾರಣೆಗೆ ಒಳಪಡಿಸಿ, ತಪ್ಪೇನೂ ಕಾಣದೆ ಬಿಟ್ಟರು. ನಲವತ್ತು ವರ್ಷಗಳ ಬಳಿಕ, 1984ರಲ್ಲಿ, ಅವರ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಸಂಗತಿ ಹೊರಗೆಡಹಿದರು. ಖಾಲಿ ಚೌಕಗಳಲ್ಲಿ ಪದ ತುಂಬುವ ಕೆಲಸವನ್ನು ಮೇಷ್ಟರು ಹುಡುಗರಿಗೆ ಕೊಡುತ್ತಿದ್ದರು, ಆಮೇಲೆ ತಾವು ಸುಳಿವು ಬರೆಯುತ್ತಿದ್ದರು. ಶಾಲೆಯು ಯುದ್ಧಕಾಲದಲ್ಲಿ ಸ್ಥಳಾಂತರಗೊಂಡಿದ್ದ ಸರ್ರೆ ಪ್ರಾಂತದ ಹಳ್ಳಿಯ ಬಳಿ ಬೀಡುಬಿಟ್ಟಿದ್ದ ಸೈನಿಕರ ಬಾಯಿಂದ ಆ ಪದಗಳನ್ನು ಕೇಳಿ ತಾನೇ ತುಂಬಿದೆನೆಂದು ಅವರು ಹೇಳಿಕೊಂಡರು. ಈ ಹೇಳಿಕೆಯನ್ನು ಎಲ್ಲರೂ ಒಪ್ಪಿಲ್ಲ. ಆದರೂ ಮಾತುಗಳನ್ನು ಮರೆಮಾಚುವುದನ್ನೇ ಹವ್ಯಾಸ ಮಾಡಿಕೊಂಡವನ ಪ್ರಾಮಾಣಿಕತೆಯನ್ನು ಲೋಕ ಎಷ್ಟು ಬೇಗ ಶಂಕಿಸುತ್ತದೆಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

ಒಳ್ಳೆಯ ಪ್ರಶ್ನೆಪತ್ರಿಕೆಯನ್ನು ತಯಾರಿಸುವುದೂ ಇಂಥದೇ ಕೆಲಸ. ಪ್ರಶ್ನೆ ಕಠಿಣವಾಗಿರಬಹುದು, ಅನ್ಯಾಯವಾಗಿರಬಾರದು. ಉತ್ತರ ತಿಳಿದಾಗ ವಿದ್ಯಾರ್ಥಿಯು 'ಅಯ್ಯೋ, ಇದು ಕಣ್ಣೆದುರಿಗೇ ಇತ್ತಲ್ಲ' ಎನ್ನಬೇಕೇ ಹೊರತು 'ಇದನ್ನು ಯಾರು ತಾನೇ ಊಹಿಸಿಯಾರು' ಎನ್ನಬಾರದು. ಸೋಲಬೇಕೆಂಬ ಗುಟ್ಟಾದ ಆಸೆ ಇಟ್ಟುಕೊಂಡು ಪ್ರಶ್ನೆ ಬರೆಯುವವನು ಪರೀಕ್ಷಕನಾಗಬಲ್ಲ, ಗುರುವಾಗಲಾರ.

ನಿಯಮಗಳನ್ನು ಸಡಿಲಿಸಿಯೂ ಜನರ ಪ್ರೀತಿಗೆ ಪಾತ್ರರಾದವರುಂಟು. 1958ರಿಂದ 'ಗಾರ್ಡಿಯನ್' ಪತ್ರಿಕೆಗೆ ಪದಬಂಧ ರಚಿಸಿದ ಪಾದ್ರಿ ಜಾನ್ ಗ್ರಹಾಂ ಅಂಥವರು. 'ಅರಾಕೇರಿಯಾ' ಎಂಬ ಮರದ ಹೆಸರು ಅವರ ಅಂಕಿತವಾಗಿತ್ತು. 2013ರ ಜನವರಿಯಲ್ಲಿ ಆ ಪತ್ರಿಕೆಯಲ್ಲಿ ಬಂದ ಅವರ ಪದಬಂಧವೊಂದರ ತಲೆಯಲ್ಲಿ ಒಂದು ಚಿಕ್ಕ ಸೂಚನೆಯಿತ್ತು. ರಚನಕಾರರಿಗೆ ಇಂಥ ಸಂಖ್ಯೆಯ ಉತ್ತರದಲ್ಲಿರುವುದು ಬಂದಿದೆಯೆಂದೂ ಅದಕ್ಕೆ ಇಂಥ ಸಂಖ್ಯೆಗಳಲ್ಲಿರುವ ಚಿಕಿತ್ಸೆ ನಡೆಯುತ್ತಿದೆಯೆಂದೂ ಅದು ತಿಳಿಸುತ್ತಿತ್ತು. ಓದುಗರು ಒಂದೊಂದೇ ಚೌಕ ತುಂಬುತ್ತ ಹೋದಂತೆ ಅನ್ನನಾಳದ ಕ್ಯಾನ್ಸರ್ ಎಂಬ ಮಾತು ಮೂಡಿತು. ಗುಣಪಡಿಸುವ ಆಸೆಯಿಲ್ಲದೆ ನೋವನ್ನು ಮಾತ್ರ ತಗ್ಗಿಸುವ ಆರೈಕೆಯ ಮಾತೂ ಮೂಡಿತು. ಅದೇ ವರ್ಷದ ನವೆಂಬರಿನಲ್ಲಿ, 92ನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಹೇಳಲು ಕಷ್ಟವಾದುದನ್ನು ತನಗೆ ಒಲಿದ ಭಾಷೆಯಲ್ಲಿ ಹೇಳಿ, ಓದುಗರು ಸರಿಯಾಗಿ ಬಿಡಿಸಿಕೊಳ್ಳುವರೆಂದು ನಂಬಿದ ಹಿರಿಯರು ಅವರು. ಐವತ್ತಕ್ಕೂ ಹೆಚ್ಚು ವರ್ಷಗಳ ಕಾಲ ನ್ಯಾಯವಾಗಿ ಆಡಿದವರಿಗೆ ಮಾತ್ರ ಅಂಥ ನಂಬಿಕೆ ಸಾಧ್ಯ.

ಹಳೆಯ ಅಭ್ಯಾಸ ಬಿಡದು. ಆದುದರಿಂದ ಮನೆಗೆಲಸಕ್ಕೆ ಒಂದು ಸುಳಿವು: 'ದೊರೆ ಹಿಂತಿರುಗುವಾಗ ಮುಪ್ಪು' (2 ಅಕ್ಷರ). ಉತ್ತರವನ್ನು ಬರೆದು ಕಳಿಸಿ. ಉತ್ತರವೊಂದೇ ಸಾಲದು, ಅದು ಹೇಗೆ ಬಂತೆಂಬ ವಿವರಣೆಯೂ ಇರಲಿ. ಅಂಕಗಳಿರುವುದು ವಿವರಣೆಗೇ.