ಕಾಫಿ ಲೋಟದವರೆಗೆ ಬಾರದ ಕಡ್ಲೆಕಾಯಿ ಹಾಲು

ಕಳೆದ ತಿಂಗಳು ಬೆಂಗಳೂರಿನಲ್ಲಿ ಗೆಳೆಯನೊಬ್ಬನ ಆಫೀಸಿಗೆ ಹೋಗಿದ್ದೆ. ಇಬ್ಬರೂ ಒಂದೇ ವರ್ಷ ಡಿಪ್ಲೊಮಾ ಮುಗಿಸಿದವರು. ಅವನು ಪತ್ರಿಕೆ ಬಿಟ್ಟು ಕಂಪನಿ ಸೇರಿದ, ನಾನು ತುಮಕೂರು ಜಿಲ್ಲೆಯಲ್ಲೇ ಸ್ಟ್ರಿಂಗರ್ ಆಗಿ ಉಳಿದೆ. ಅಲ್ಲಿನ ಕಾಫಿ ಮಷಿನ್ ಪಕ್ಕ ಮೂರು ಡಬ್ಬ ಇದ್ದವು: ಮಾಮೂಲಿ ಹಾಲು, ಸೋಯಾ, ಓಟ್ಸ್. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಅವನು ಓಟ್ಸಿನದನ್ನೇ ಹಾಕಿಕೊಂಡ. "ಇದೆಲ್ಲ ಈಗೀಗ ಫಾರಿನ್ನಿಂದ ಬಂದಿದ್ದು ಕಣೋ" ಅಂದ.

ಹೊಟ್ಟೆಯ ವಿಷಯ ಸುಳ್ಳಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದವರು ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಹೆಚ್ಚು. ಓಟ್ಸಿನ ಮಟ್ಟಿಗೆ ಅವನ ಇತಿಹಾಸವೂ ಸರಿ. 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ರಿಕಾರ್ಡ್ ಓಸ್ಟೆ ಎಂಬ ವಿಜ್ಞಾನಿ ಅದನ್ನು ರೂಪಿಸಿದರು. ಕಿಣ್ವ ಹಾಕಿ ಓಟ್ಸಿನ ಪಿಷ್ಟವನ್ನು ಒಡೆಯುತ್ತಾರೆ, ಆ ಸಿಹಿ ಅಲ್ಲಿಂದ ಬರುವುದು. ಆದರೆ ಗಿಡದಿಂದ ಹಾಲು ತೆಗೆಯುವ ಕೆಲಸ ಅದಕ್ಕಿಂತ ಬಹಳ ಮೊದಲೇ ನಮ್ಮ ಬೆಂಗಳೂರು, ಮೈಸೂರಿನಲ್ಲಿ ನಡೆದಿತ್ತು. ಆಫೀಸಿನವರಿಗಾಗಿ ಅಲ್ಲ, ಹಾಲೇ ಸಿಗದ ಮಕ್ಕಳಿಗಾಗಿ.

ಇದರ ಹಿಂದೆ ಗಾಂಧೀಜಿಯ ಹಠವೂ ಇದೆ. ಅವರು ದಕ್ಷಿಣ ಆಫ್ರಿಕಾದಲ್ಲಿದ್ದಾಗಲೇ, 1912ರಲ್ಲಿ, ಹಾಲು ಬಿಟ್ಟಿದ್ದರು. ಮುಂದೆ ಕಾಯಿಲೆ ಬಿದ್ದಾಗ ಕಸ್ತೂರಬಾ ಒತ್ತಾಯಕ್ಕೆ ಮೇಕೆ ಹಾಲಿಗೆ ಒಪ್ಪಿದರು, ಆದರೆ ಆ ವ್ರತಭಂಗದ ನೋವು ಹೋಗಲಿಲ್ಲ. ಹಾಲಿಗೆ ಸಮನಾದ ಸಸ್ಯಾಹಾರ ಹುಡುಕಿಕೊಡಿ ಎಂದು ಬಲ್ಲವರನ್ನು ಕೇಳುತ್ತಲೇ ಇದ್ದರು. ತಮಾಷೆಯೆಂದರೆ, ಇದೇ ಮನುಷ್ಯ 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿನಲ್ಲಿದ್ದಾಗ ಇಲ್ಲಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ದನ ಸಾಕುವುದನ್ನು ಕಲಿತರು.

ಎರಡನೇ ಮಹಾಯುದ್ಧದ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಜೊತೆಗಾರರು ಸೋಯಾ ಹಾಲಿನ ಮೇಲೆ ಕೆಲಸ ಮಾಡಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಸಿಎಫ್‌ಟಿಆರ್‌ಐ ಶುರುವಾದಾಗ ಅದರ ಮೊದಲ ನಿರ್ದೇಶಕರಾದವರೂ ಇವರೇ. ಸೋಯಾ ಆಗ ನಮ್ಮ ರೈತರ ಬೆಳೆಯಾಗಿರಲಿಲ್ಲ, ಕಡ್ಲೆಕಾಯಿ ಹೇರಳವಾಗಿತ್ತು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೋಟೀನ್ ತುಂಬಿರುತ್ತದೆ, ಅದು ಹೋಗುತ್ತಿದ್ದದ್ದು ದನದ ಬಾನಿಗೆ. ಆ ಪ್ರೋಟೀನನ್ನು ಶುದ್ಧವಾಗಿ ಬೇರ್ಪಡಿಸಿ, ನಿಜವಾದ ಹಾಲಿಗೆ ಬೆರೆಸಿ, ಸಕ್ಕರೆ ಅಂಶ, ಖನಿಜ, ವಿಟಮಿನ್ ಸೇರಿಸಿದರೆ ಇದ್ದ ಹಾಲು ಇನ್ನಷ್ಟು ಮಕ್ಕಳಿಗೆ ಸಾಲುತ್ತದೆ ಎಂಬುದು ಲೆಕ್ಕಾಚಾರ. ಹೀಗೆ ಬಂದದ್ದು 'ಮಿಲ್ಟೋನ್'. ಬೆಂಗಳೂರಿನ ಡೇರಿಯಲ್ಲೇ ತಯಾರಾಗಿ ಮಕ್ಕಳಿಗೆ ಹಂಚಿಕೆಯೂ ಆಯಿತು.

ಮತ್ತೆ ಯಾಕೆ ಉಳಿಯಲಿಲ್ಲ? ನನಗೆ ಕಾಣುವ ಕಾರಣ ಎರಡು. ಒಂದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಕಡ್ಲೆಕಾಯಿ ಹಿಂಡಿಯ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಆಮೇಲೆ ಮಕ್ಕಳ ಆಹಾರಕ್ಕೆ ಕಡ್ಲೆಕಾಯಿ ಬಳಸುವಾಗ ಪ್ರತಿ ಮೂಟೆಯ ಮೇಲೂ ಕಣ್ಣಿಡಬೇಕಾಯಿತು. ಇನ್ನೊಂದು, ಇದೇ ದೊಡ್ಡದು, ಹಾಲೇ ಬಂತು. 1970ರಲ್ಲಿ ಆಪರೇಷನ್ ಫ್ಲಡ್, 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ, ಆಮೇಲೆ ಊರೂರಿಗೆ ಸಂಘ. ಹಾಲನ್ನು ಹಿಗ್ಗಿಸಲು ಹುಟ್ಟಿದ ವಸ್ತುವಿಗೆ ಹಾಲೇ ಹೆಚ್ಚಾದ ಮೇಲೆ ಯಾರು ಕೇಳುತ್ತಾರೆ? 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದಾಗ ನಮ್ಮ ಶಾಲೆಗಳಿಗೆ ಹೋದದ್ದು ಹಸುವಿನ ಹಾಲಿನ ಪುಡಿ.

ಕಾಫಿಗೆ ಇವು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ ಎಂಬುದೂ ನಿಜ. ಕಾಫಿ ಸ್ವಲ್ಪ ಹುಳಿ, ಮೇಲೆ ಬಿಸಿ. ಸೋಯಾ ಪ್ರೋಟೀನ್ ಆ ಹುಳಿಗೆ ಗಂಟುಗಂಟಾಗಿ ಒಡೆಯುತ್ತದೆ. ಅದಕ್ಕೇ ಕಾಫಿಗೆಂದು ಮಾಡಿದ ಡಬ್ಬಗಳಲ್ಲಿ ಹುಳಿ ತಡೆಯುವ ಫಾಸ್ಫೇಟ್ ಲವಣ ಸೇರಿಸುತ್ತಾರೆ. ಮಲೆನಾಡು, ಕೊಡಗಿನ ಬೆಲ್ಲದ ಕಾಫಿಗೆ ಈ ತಾಪತ್ರಯವೇ ಇಲ್ಲ, ಅಲ್ಲಿ ಹಾಲೇ ಇರುವುದಿಲ್ಲ. ಗೆಳೆಯನಿಗೆ ಅದನ್ನು ಸೂಚಿಸಿದೆ, ನಕ್ಕ.

ಡಬ್ಬದ ಮೇಲೆ ಎಲ್ಲೂ ಹಾಲು ಎಂದು ಬರೆದಿರಲಿಲ್ಲ, ಪಾನೀಯ ಎಂದಿತ್ತು. ಗಿಡದಿಂದ ಮಾಡಿದ್ದನ್ನು ಹಾಲೆಂದು ಕರೆದು ಮಾರಬಾರದು ಎಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಲುವು, 2021ರಲ್ಲಿ ಆನ್‌ಲೈನ್ ಅಂಗಡಿಗಳಿಗೂ ಅದನ್ನು ಹೇಳಿತು. ಡೇರಿಗೆ ಹಾಲು ಹಾಕುವ ಮನೆಯವನಾಗಿ ನನಗೆ ಅದು ಸರಿಯೇ ಅನ್ನಿಸುತ್ತದೆ. ಆದರೆ ಮೈಸೂರಿನವರು ಬಡ ಮಕ್ಕಳಿಗೆಂದು ಹಿಡಿದ ದಾರಿ ಈಗ ಹಾಲಿಗಿಂತ ದುಬಾರಿ ಡಬ್ಬವಾಗಿ ಆಫೀಸಿಗೆ ಬಂದಿರುವುದು ಮಾತ್ರ ಸ್ವಲ್ಪ ಚುಚ್ಚುತ್ತದೆ.

ಊರಿಗೆ ಬಂದು ಅಪ್ಪನಿಗೆ ಮಿಲ್ಟೋನ್ ಕತೆ ಹೇಳಿದೆ. ಆಗ ತಾನೇ ಹಸು ಮುಂದೆ ಹಿಂಡಿ ನೆನೆಹಾಕಿ ಕೂತಿದ್ದರು.

"ಅಂದ್ರೆ ಮಧ್ಯದಲ್ಲಿ ಹಸುನೇ ಬೇಡ ಅಂದ್ರು ಅನ್ನು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಓಟ್ಸು ಅಂತೀಯಲ್ಲ, ಅದನ್ನ ನಮ್ಮ ಕಡೆ ಬೆಳೀಬಹುದೇನೋ?" ಅಂತ ಕೇಳಿ, ಕ್ಯಾನು ಎತ್ತಿಕೊಂಡು ಡೇರಿ ಕಡೆ ಹೊರಟರು.