ಫೀನೊಥಯಾಜಿನ್

ಫೀನೊಥಯಾಜಿನ್ ತಿಳಿಹಳದಿ ಬಣ್ಣದ, ನೀರಿನಲ್ಲಿ ಬಹುಮಟ್ಟಿಗೆ ಕರಗದ ಸಂಯುಕ್ತ. ಎರಡು ಬೆಂಜೀನ್ ಉಂಗುರಗಳನ್ನು ಒಂದು ಗಂಧಕ ಮತ್ತು ಒಂದು ಸಾರಜನಕ ಪರಮಾಣು ಬೆಸೆದಿರುವುದು ಇದರ ರಚನೆ. ಮೊದಲು ಕೀಟನಾಶಕವಾಗಿ, ಬಳಿಕ ಕುರಿ, ದನ, ಕುದುರೆಗಳ ಜಂತುಹುಳುವಿನ ಔಷಧಿಯಾಗಿ ಬಳಕೆಗೆ ಬಂತು.

1883ರಲ್ಲಿ ಜರ್ಮನಿಯ ಆಗಸ್ಟ್ ಬರ್ನ್ಟ್‌ಸೆನ್, ಮೆಥಿಲೀನ್ ಬ್ಲೂ ಎಂಬ ವರ್ಣದ್ರವ್ಯದ ರಚನೆ ಅರಿಯಲು ಹೊರಟು, ಡೈಫಿನೈಲಮೀನನ್ನು ಗಂಧಕದೊಡನೆ ಕಾಯಿಸಿ ಇದನ್ನು ತಯಾರಿಸಿದ. 1934ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಇದು ಸೊಳ್ಳೆಮರಿಗಳನ್ನು ಕೊಲ್ಲುತ್ತದೆಂದು ತೋರಿಸಿದರು. ಸೇಬಿನ ತೋಟಗಳಲ್ಲಿ ವಿಷಕಾರಿ ಸೀಸದ ಆರ್ಸೆನೇಟಿಗೆ ಬದಲಾಗಿಯೂ ಸಿಂಪಡಿಸಿ ನೋಡಿದರು. ಆದರೆ ಗಾಳಿ, ಬಿಸಿಲಿಗೆ ಅದು ಬೇಗ ಉತ್ಕರ್ಷಣಗೊಂಡು ಸತ್ವ ಕಳೆದುಕೊಳ್ಳುತ್ತಿತ್ತು.

ತೋಟದಲ್ಲಿ ನಿಲ್ಲದ ಪುಡಿ ದೊಡ್ಡಿಯಲ್ಲಿ ಗೆದ್ದಿತು. 1938ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ಇದರ ಜಂತುನಾಶಕ ಗುಣ ತಿಳಿಯಿತು. ನಿಜವಾದ ಪ್ರಯೋಜನ ಕಂಡಿದ್ದು ಕುರಿಗಳಲ್ಲಿ. ಹೀಮಾಂಕಸ್ ಎಂಬ ಹುಳು ಕುರಿಯ ನಾಲ್ಕನೇ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಕಣ್ಣಿನ ಒಳರೆಪ್ಪೆ ಬಿಳಿಚಿ, ದವಡೆಯ ಕೆಳಗೆ ನೀರು ತುಂಬಿ ಬಾವು ಬರುತ್ತದೆ. ಅಲ್ಲಿಯವರೆಗೆ ಕುರಿಗಾರರ ಕೈಲಿದ್ದದ್ದು ಮೈಲುತುತ್ತ, ನಿಕೋಟಿನ್‌ನಂಥ ಅಪಾಯದ ಮದ್ದುಗಳು. ಅವುಗಳ ಮುಂದೆ ಇದು ದೊಡ್ಡ ವರವೇ ಸರಿ. ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸುತ್ತಿದ್ದರು, ಉಪ್ಪಿನಲ್ಲಿ ಬೆರೆಸಿ ನೆಕ್ಕಲೂ ಇಡುತ್ತಿದ್ದರು. ಔಷಧಿ ಕುಡಿದ ಕುರಿಯ ಮೂತ್ರ ಗಾಳಿ ತಾಗಿದೊಡನೆ ಕೆಂಪಾಗಿ ಉಣ್ಣೆಗೆ ಕಲೆ ಹಿಡಿಸುತ್ತಿತ್ತು: ತೋಟದಲ್ಲಿ ಕೈಕೊಟ್ಟ ಅದೇ ಉತ್ಕರ್ಷಣ ಗುಣ. ಕರುಗಳಿಗೆ ಕೊಟ್ಟು ಬಿಸಿಲಿಗೆ ಬಿಟ್ಟರೆ ಕಣ್ಣಿನ ಪಾರದರ್ಶಕ ಪಟಲಕ್ಕೆ ಹುಣ್ಣಾಗುವುದೂ ಇತ್ತು.

ಇದರ ಗೆಲುವು ಬಹುಕಾಲ ಉಳಿಯಲಿಲ್ಲ. 1957ರಲ್ಲಿ ಅಮೆರಿಕದ ಕೆಂಟಕಿಯಿಂದ, ಫೀನೊಥಯಾಜಿನ್‌ಗೆ ಬಗ್ಗದ ಹೀಮಾಂಕಸ್ ಹುಳುಗಳ ವರದಿ ಬಂತು. ಜಾನುವಾರುಗಳ ಜಂತುಗಳಲ್ಲಿ ಔಷಧಿ ನಿರೋಧ ದಾಖಲಾದ ಮೊದಲ ಪ್ರಕರಣಗಳಲ್ಲಿ ಇದೊಂದು. ಇಂದು ಕುರಿ ಸಾಕುವವರನ್ನು ಕಾಡುತ್ತಿರುವ ಈ ಸಮಸ್ಯೆಯ ಮುನ್ಸೂಚನೆ ಅಲ್ಲೇ ಇತ್ತು. 1961ರಲ್ಲಿ ಥಯಾಬೆಂಡಜೋಲ್ ಬಂದ ಮೇಲೆ ಫೀನೊಥಯಾಜಿನ್ ಹಿಂದೆ ಸರಿಯಿತು.

ಇದರ ಅಣುರಚನೆ ಮಾತ್ರ ಮನುಷ್ಯರ ವೈದ್ಯದಲ್ಲಿ ಉಳಿದುಕೊಂಡಿದೆ. ಮನೋರೋಗ ಚಿಕಿತ್ಸೆಯನ್ನೇ ಬದಲಿಸಿದ ಕ್ಲೋರ್‌ಪ್ರೋಮಜಿನ್ 1950ರಲ್ಲಿ ಸಿದ್ಧವಾದದ್ದು ಇದೇ ಚೌಕಟ್ಟಿನ ಮೇಲೆ. ಘಟ್ಟದ ತಿರುವುಗಳಲ್ಲಿ ವಾಂತಿಯಾಗದಿರಲೆಂದು ಬಸ್ ಹತ್ತುವ ಮುನ್ನ ನಮ್ಮಲ್ಲಿ ನುಂಗುವ ಅವೊಮಿನ್ ಮಾತ್ರೆಯಲ್ಲಿರುವ ಪ್ರೊಮೆಥಜಿನ್ ಕೂಡ ಈ ಕುಟುಂಬದ್ದೇ.